ಅಳಿವೆಯ ಸೀಸೆಯಲ್ಲಿ ನಲ್ಲಿಯ ವಾಸನೆ

ಸೀಸೆಯಮ್ಮನಿಗೆ ಯಾರಾದರೂ ನೀರು ಕೊಟ್ಟರೆ ಮೊದಲು ಅವಳ ಮೂಗು ಕುಡಿಯುತ್ತದೆ, ಆಮೇಲೆ ಬಾಯಿ ಎಂದು ಆ ಸಾಲುಮನೆಗಳ ಜನ ಆಡಿಕೊಳ್ಳುತ್ತಿದ್ದರು. ಲೋಟವನ್ನು ಬೆಳಕಿಗೆ ಹಿಡಿಯುತ್ತಾಳೆ, ಮೂಸುತ್ತಾಳೆ, ಕೊಟ್ಟವರ ಮುಖವನ್ನು ಒಮ್ಮೆ ಅಳೆಯುತ್ತಾಳೆ, ಕೊನೆಗೆ "ಈಗ ಬಾಯಾರಿಕೆ ಇಲ್ಲ ಬಿಡಿ" ಎಂದು ಕೆಳಗಿಡುತ್ತಾಳೆ. ಹಾಲಿನವನು ಅವಳ ಬಾಗಿಲಿಗೆ ಬಂದರೆ ಪರೀಕ್ಷೆಗೆ ಕೂತವನ ಹಾಗೆ ಬೆವರುತ್ತಿದ್ದ. ಪಕ್ಕದ ಮನೆಯ ಚಿಪ್ಪಕ್ಕನಂತೂ, "ಅವಳ ನೆರಳು ಅವಳ ಹಿಂದೆ ಬಂದ್ರೂ ಬಿಡಲ್ಲ, ನಿಲ್ಲಿಸಿ 'ಯಾರ ಮನೆಯವನಪ್ಪಾ ನೀನು' ಅಂತ ಕೇಳಿಯೇ ಮುಂದಕ್ಕೆ ಹೋಗ್ತಾಳೆ" ಎನ್ನುವಳು. ಬೀದಿಗೆ ಬೀದಿಯೇ ನಗುತ್ತಿತ್ತು. ಸೀಸೆಯಮ್ಮ ಕಿಟಕಿಯ ಹಿಂದೆ ನಿಂತು, ಯಾರು ಎಷ್ಟು ನಕ್ಕರು ಎಂದು ನೋಡಿಕೊಳ್ಳುತ್ತಿದ್ದಳು.

ಸೀಸೆ ತೊಳೆಯುವುದೇ ಅವಳ ಕಸುಬು. ಬಂದರಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದು ಪ್ರಯೋಗಾಲಯದಲ್ಲಿ ನಗರದ ದಡದ ಸಮುದ್ರಕ್ಕೆ ವಾರವಾರವೂ ನಾಡಿ ಹಿಡಿದು ನೋಡುತ್ತಿದ್ದರು. ಬಂದರಿನೊಳಗಿನ ನೀರು ಒಂದು ಸೀಸೆ, ದೊಡ್ಡ ಚರಂಡಿ ಕಡಲಿಗೆ ಬೀಳುವಲ್ಲಿನದು ಒಂದು, ಜನ ಮೀಯುವ ಮರಳದಂಡೆಯದು ಒಂದು, ನದಿ ಬಂದು ಸಮುದ್ರ ಸೇರುವ ಅಳಿವೆಯದು ಒಂದು. ಉಪ್ಪು ಎಷ್ಟು, ಆಮ್ಲಜನಕ ಎಷ್ಟು, ಕೊಳಕಿನಿಂದ ಹುಟ್ಟುವ ಅಮೋನಿಯಾ ಎಷ್ಟು ಎಂದು ನೋಡಿ, ಅದರಂತೆ ದಡದಲ್ಲಿ ಹಲಗೆ ನೆಡುತ್ತಿದ್ದರು. ಹಸಿರು ಹಲಗೆ ಇದ್ದರೆ ಮೀಯಬಹುದು, ಬಂಡೆಗಳ ಮೇಲಿನ ಚಿಪ್ಪು ಆಯ್ದು ತಿನ್ನಬಹುದು. ಕೆಂಪು ಇದ್ದರೆ ಕಾಲಿಡಬಾರದು.

ಅವಳ ಗಂಡ ಅಲ್ಲಿ ಕಾವಲುಗಾರನಾಗಿದ್ದ. ಅವನು ಜ್ವರ ಬಂದು ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು. ಆಗಿನ ಸಾಹೇಬರು ಕನಿಕರಪಟ್ಟು ಇವಳನ್ನು ಸೀಸೆ ತೊಳೆಯಲು ಹಾಕಿಕೊಂಡರು. ಮೊದಲ ದಿನ ಅವಳು ಮನೆಯಿಂದ ಸೋಪಿನ ಪುಡಿ ತಂದು, ತಿಕ್ಕಿ ತಿಕ್ಕಿ, ಸೀಸೆಗಳನ್ನೆಲ್ಲ ಹೊಸ ಬಳೆಗಳ ಹಾಗೆ ಮಿಂಚಿಸಿ ಜೋಡಿಸಿಟ್ಟಳು. ಹೊಗಳುತ್ತಾರೆ ಅಂದುಕೊಂಡಿದ್ದರೆ ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು.

"ಅಮ್ಮಾ ತಾಯಿ, ಸೋಪಿನ ರಂಜಕ ಗಾಜಿಗೆ ಅಂಟಿಕೊಂಡು ಕೂತುಬಿಡುತ್ತೆ. ಇನ್ನು ಇದಕ್ಕೆ ಸಮುದ್ರದ ನೀರು ತುಂಬಿದ್ರೆ ನಾವು ಅಳೆಯೋದು ಸಮುದ್ರಾನಲ್ಲ, ನಿಮ್ಮನೆ ಬಟ್ಟೆ ಒಗೆಯೋ ಕಲ್ಲನ್ನ!"

ಸೀಸೆಯನ್ನು ತೆಳು ಆಮ್ಲದಲ್ಲಿ ನೆನೆಸಬೇಕು, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಬೇಕು, ಸೋಪು ಅತ್ತ ಸುಳಿಯಲೇಕೂಡದು ಎಂದು ಅವರು ಹೇಳಿಕೊಟ್ಟರು. ಅವತ್ತಿನಿಂದ ಅವಳಿಗೆ ಹೊಳೆಯುವುದರ ಮೇಲೆಲ್ಲ ಗುಮಾನಿ. ಕೊಳಕು ಕಣ್ಣಿಗೆ ಕಾಣುತ್ತೆ ಪಾಪ, ಹೊಳೆಯೋದೇ ಕಳ್ಳ ಎಂಬುದು ಅವಳ ವಾದ. ಈ ವಾದ ಸೀಸೆಗೆ ಮುಗಿಯಲಿಲ್ಲ. ಹಲ್ಲು ತೋರಿಸಿ ಮಾತಾಡುವವರು, ಇಸ್ತ್ರಿ ಹಾಕಿದ ಅಂಗಿಯವರು, ತೂಕಕ್ಕಿಂತ ಒಂದು ಹಿಡಿ ಹೆಚ್ಚು ಹಾಕುವ ಅಂಗಡಿಯವನು, ಎಲ್ಲರಿಗೂ ಅದೇ ನಿಯಮ ಬಂತು.

ಮಗ ದೊಡ್ಡವನಾದ. ಪ್ರಯೋಗಾಲಯದ ಸಣ್ಣ ಮೋಟಾರು ದೋಣಿಯಲ್ಲಿ ಹೋಗಿ ಸೀಸೆಗಳಿಗೆ ನೀರು ತುಂಬಿ ತರುವ ಕೆಲಸ ಅವನಿಗೆ ಸಿಕ್ಕಿತು. ಕೆಲಸದ ಜೊತೆಗೇ ಮನೆ. ಸಾಲಿನಲ್ಲಿ ಕೊನೆಯದು, ದೋಣಿಯವನಿಗೆಂದೇ ಇಟ್ಟದ್ದು. ಜೊತೆಗಿದ್ದ ಮುದುಕ ಅಂಬಿಗ ಕೆಲಸ ಬಿಟ್ಟ ಮೇಲೆ ಮಗ ಒಬ್ಬನೇ ಹೋಗಿ ಬರುತ್ತಿದ್ದ. ಮದುವೆಯಾಯಿತು, ಸೊಸೆ ಬಂದಳು. ಮಾತು ಕಮ್ಮಿ, ನಗು ಜಾಸ್ತಿ, ಕೈಗೆ ಸಿಕ್ಕ ಪಾತ್ರೆಯೆಲ್ಲ ಫಳಫಳ. ಸೀಸೆಯಮ್ಮನ ನಿದ್ದೆ ಕೆಡಲು ಅಷ್ಟು ಸಾಕಾಯಿತು.

ಆ ವರ್ಷ ಮಳೆ ಹಿಂದೆಗೆದ ಮೇಲೆ ಒಂದು ದಿನ ಎಣ್ಣೆ ಬಗ್ಗಿಸೋಣವೆಂದು ಆಲಿಕೆ ಕೈಗೆತ್ತಿಕೊಂಡರೆ ಅದರ ಅಂಚಿಗೆ ಬೆಳ್ಳಗೆ ಪುಡಿ ಕಟ್ಟಿತ್ತು. ನಾಲಿಗೆಗೆ ತಾಗಿಸಿದಳು. ಉಪ್ಪು.

"ಏನೇ, ಆಲಿಕೆಗೆ ಉಪ್ಪು ಹ್ಯಾಗೆ ಬಂತು?"

"ಉಪ್ಪಿನ ಡಬ್ಬಿ ಪಕ್ಕದಲ್ಲೇ ಇತ್ತಲ್ಲ ಅತ್ತೆ."

"ಡಬ್ಬಿ ಎದ್ದು ಬಂದು ಆಲಿಕೇಲಿ ಕೂತ್ಕೊಂಡಿತಾ?"

"ನೀವೇ ಕೇಳಿ ನೋಡಿ. ಡಬ್ಬಿ ಇಲ್ಲೇ ಇದೆ" ಎಂದು ಸೊಸೆ ನಕ್ಕಳು.

ಆ ನಗು ಸೀಸೆಯಮ್ಮನ ತಲೆಗೆ ಹುಳ ಬಿಟ್ಟಿತು. ಮುಂದಿನ ದಿನಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಎರಡನೆಯ ಹುಳ ಮಗನ ಪ್ಯಾಂಟಿನಿಂದ ಹೊರಟಿತು. ಮೊದಲೆಲ್ಲ ಅವನು ಅಳಿವೆಯಿಂದ ಬಂದರೆ ಸೊಂಟದವರೆಗೆ ಒದ್ದೆ, ಒಗೆಯಲು ಹಾಕಿದರೆ ಬಕೆಟ್ಟಿನ ತಳದಲ್ಲಿ ಕೆಸರು. ಈಗ ಮೊಣಕಾಲಿನ ತನಕವೂ ತೇವವಿಲ್ಲ. ಮೇಲಾಗಿ ಕಾಲಲ್ಲಿ ಹೊಸ ಚಪ್ಪಲಿ. ನದಿಯ ಮೇಲ್ದಂಡೆಯಲ್ಲಿ ತೊಗಲು ಹದ ಮಾಡುವ ಕಾರ್ಖಾನೆಯಿತ್ತು, ಅದರ ಕೊಳಕೆಲ್ಲ ಹರಿದು ಬರುವುದು ಅಳಿವೆಗೇ. ಆ ಚಪ್ಪಲಿಯ ತೊಗಲನ್ನೂ ಅವಳು ಮೂಸಿ ನೋಡಿದಳು. ತೊಗಲಿನ ವಾಸನೆಯೇ ಬಂತು. ಅದು ಬೇರೆ ಇನ್ನೇನು ವಾಸನೆ ಕೊಡಬೇಕಿತ್ತು ಎಂದು ಯೋಚಿಸುವ ವ್ಯವಧಾನ ಅವಳಿಗಿರಲಿಲ್ಲ. ಕಾರ್ಖಾನೆಯವರು ಮಗನ ಕೈ ಬೆಚ್ಚಗೆ ಮಾಡಿದ್ದಾರೆ ಎಂದೇ ಮನಸ್ಸು ತೀರ್ಮಾನ ಕೊಟ್ಟಿತು. ಬಾಯಿ ಮಾತ್ರ ಸುಮ್ಮನಿತ್ತು. ಮಗನ ಮೇಲೆ ಬಂದ ಸಂಶಯವನ್ನು ಬಾಯಿಗೆ ತರಲು ಅವಳಿಗೂ ಹೆದರಿಕೆ.

ಪ್ರಯೋಗಾಲಯದಲ್ಲಿ ಆ ದಿನಗಳಲ್ಲಿ ಎಲ್ಲರಿಗೂ ಖುಷಿ. ನೀರು ಪರೀಕ್ಷಿಸುವ ಮೇಡಂ ಕಡ್ಡಿಯಂಥ ಹೆಂಗಸು, ತಮಾಷೆಯ ಸ್ವಭಾವ.

"ಸೀಸೆಯಮ್ಮಾ, ನಮ್ಮ ಅಳಿವೆ ಬಂಗಾರವಾಗಿಬಿಟ್ಟಿದೆ ಕಣಮ್ಮ. ಅಮೋನಿಯಾ ಹುಡುಕಿದ್ರೂ ಸಿಗಲ್ಲ. ಸೀಸೆಯಲ್ಲಿ ಸೀಸವೂ ಇಲ್ಲ! ಕಾರ್ಖಾನೆಯವರು ನೀರು ಶುದ್ಧ ಮಾಡೋ ಯಂತ್ರ ಹಾಕಿದ್ರಂತೆ, ಕೆಲಸ ಮಾಡ್ತಿದೆ ಅಂತ ಕಾಣುತ್ತೆ."

"ಅಷ್ಟು ಚೊಕ್ಕಟ ಇದೆಯಾ ಮೇಡಂ?"

"ಹೊರಗಿನ ಸಮುದ್ರಕ್ಕಿಂತ ಚೊಕ್ಕಟ."

ಸೀಸೆಯಮ್ಮ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು. ಊರ ತೊಗಲೆಲ್ಲ ತೊಳೆದು ಬರುವ ನದಿಯ ಬಾಯಿ ಹೊರಗಿನ ಸಮುದ್ರಕ್ಕಿಂತ ಚೊಕ್ಕಟ! ಮಧ್ಯಾಹ್ನ ತೊಳೆಯಲು ಬಂದ ಸೀಸೆಗಳಲ್ಲಿ ಅಳಿವೆಯದನ್ನು, ಅದರ ಕತ್ತಿಗೆ ನೀಲಿ ದಾರ ಕಟ್ಟಿರುತ್ತಿತ್ತು, ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಉಳಿದಿದ್ದ ನೀರನ್ನು ಚೆಲ್ಲುವ ಮೊದಲು ಮೂಗಿಗೆ ಹಿಡಿದಳು.

ಕಡಲ ಉಪ್ಪಿನ ಕೆಳಗೆ, ಸಣ್ಣಗೆ, ನಲ್ಲಿಯ ವಾಸನೆ.

ಕ್ಲೋರಿನ್ನಿನ ಘಾಟು ಅದು. ಆದರೆ ಪ್ರಯೋಗಾಲಯದ ನಲ್ಲಿಯಲ್ಲಿ ಬರುವುದು ಕೊಳವೆಬಾವಿಯ ನೀರು, ಅದಕ್ಕೆ ಯಾವ ಪುಡಿಯೂ ಬೀಳುವುದಿಲ್ಲ. ಪುಡಿ ಬೀಳುವುದು ಸಾಲುಮನೆಗಳ ತೊಟ್ಟಿಗೆ. ಅಲ್ಲಿನ ವಾಲ್ವು ತಿರುಗಿಸುವವನಿಗೆ ಅಳತೆಯೆಂಬುದು ಗೊತ್ತಿಲ್ಲ. ಬ್ಲೀಚಿಂಗ್ ಪುಡಿಯನ್ನು ದಾನ ಮಾಡಿದಂತೆ ಸುರಿಯುತ್ತಾನೆ. ಬೀದಿಯ ಜನ ಬೈದು ಬೈದು ಅದಕ್ಕೇ ಒಗ್ಗಿಹೋಗಿದ್ದರು. ಸೀಸೆಯಮ್ಮ ಸೀಸೆ ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತಳು. ಉಪ್ಪು ಕಟ್ಟಿದ ಆಲಿಕೆ ಕಣ್ಣ ಮುಂದೆ ಬಂತು.

ಸಂಜೆ ಮನೆಗೆ ಹೋದರೆ ಚಿಪ್ಪಕ್ಕ ಜಗಲಿಯ ಮೇಲೆ ಚಿಪ್ಪು ಬಿಡಿಸುತ್ತ ಕೂತಿದ್ದಳು. ಅಳಿವೆಯ ಬಂಡೆಗಳಲ್ಲಿ ಚಿಪ್ಪು ಆಯ್ದು ಸಂತೆಗೆ ಒಯ್ಯುವುದು ಅವಳ ಬದುಕು. ಮಾರಿ ಉಳಿದದ್ದನ್ನು ಪಕ್ಕದ ಮನೆಗೆ ಒಂದು ಬಟ್ಟಲು ಕೊಡದೆ ಇರುವವಳಲ್ಲ. ಸೀಸೆಯಮ್ಮ ಒಂದು ದಿನವೂ ಅದನ್ನು ತಿಂದವಳಲ್ಲ.

"ತಗೋ ಅಕ್ಕ, ಇವತ್ತು ದಪ್ಪದಪ್ಪ ಇವೆ."

"ಬೇಡ ಕಣೆ, ಹೊಟ್ಟೆ ಸರಿ ಇಲ್ಲ."

"ನಿನ್ನ ಹೊಟ್ಟೆ ಯಾವತ್ತು ಸರಿ ಇತ್ತು? ಈಗ ನಮ್ಮದೂ ನಿನ್ನ ಹಾಗೇ ಆಗಿದೆ ನೋಡು. ತಿಂಗಳಿಂದ ಮನೆಮಂದಿಗೆಲ್ಲ ಹೊಟ್ಟೆ ಕಟ್ಟಿಕೊಳ್ಳೋದು, ಬಿಚ್ಚಿಕೊಳ್ಳೋದು. ಆ ಹಾಲಿನವನು ಎಲ್ಲಿಯ ನೀರು ಬೆರೆಸ್ತಾನೋ ಏನೋ."

ಸೀಸೆಯಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ಹಾಲಿನವನ ಪರವಾಗಿ ಒಂದು ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.

ಮುಂದಿನ ಸಲ ನೀರು ತರುವ ದಿನ ಅವಳು ಕೆಲಸಕ್ಕೆ ಹೊರಟವಳಂತೆ ಹೊರಟು, ಬೀದಿಯ ತಿರುವಿನವರೆಗೆ ಹೋಗಿ, ಹಿತ್ತಿಲ ಕಡೆಯಿಂದ ತಿರುಗಿ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾಲ್ಕೂ ಸೀಸೆ ನಿಂತಿದ್ದವು. ಮಗನ ಕೈಯಲ್ಲಿ ನಲ್ಲಿಯ ಚೊಂಬು, ಸೊಸೆಯ ಕೈಯಲ್ಲಿ ಆಲಿಕೆ. ನೀಲಿ ದಾರದ ಸೀಸೆಯ ಬಾಯಿಗೆ ಆಲಿಕೆ ಇಟ್ಟಿತ್ತು.

"ಇನ್ನೂ ಸ್ವಲ್ಪ ಹಾಕಿ ರೀ. ಹೋದ ಸಲ ಉಪ್ಪು ಜಾಸ್ತಿ ಬಂತು ಅಂತ ಮೇಡಂ ಅಂದ್ರಲ್ಲ."

"ಸಾಕು ಸಾಕು. ಮಳೆ ನಿಂತಿದೆ, ನದೀಲಿ ಈಗ ಅಷ್ಟು ಸಿಹಿನೀರು ಇರಲ್ಲ."

"ನಂದೂ ಒಂದು ಚೊಂಬು ಹಾಕ್ಲಾ?" ಎಂದಳು ಸೀಸೆಯಮ್ಮ.

ಚೊಂಬು ಕಲ್ಲಿನ ಮೇಲೆ ಬಿದ್ದು ಉರುಳಿಕೊಂಡು ಹೋಯಿತು. ಮಗನ ಮುಖ ಹುಳ್ಳಗಾಯಿತು.

"ಅಮ್ಮ... ನೀನು ಕೆಲಸಕ್ಕೆ..."

"ನನ್ನ ಕೆಲಸ ಇರಲಿ. ನಿನ್ನ ಕೆಲಸ ಹೇಳು. ಏನು ಕೊಟ್ರು ನಿಂಗೆ ಕಾರ್ಖಾನೆಯವರು? ಆ ಚಪ್ಪಲೀನಾ?"

"ಯಾವ ಕಾರ್ಖಾನೆ? ಚಪ್ಪಲಿ ನಾನೇ ತಗೊಂಡದ್ದಮ್ಮ! ಹಳೇದು ನೀರಲ್ಲಿ ಹೋಯ್ತು."

"ನೀರಲ್ಲಿ ಹೋಯ್ತಾ? ಚಪ್ಪಲಿಗೆ ಈಜು ಬರಲಿಲ್ವಾ?"

ಮಗ ತಲೆ ತಗ್ಗಿಸಿದ. ಮಾತಾಡಿದವಳು ಸೊಸೆ, ಮಾತೇ ಬಾರದವಳು ಅಂತ ಹೆಸರಾದವಳು.

"ಅತ್ತೆ, ಮಳೆಗಾಲದ ಕೊನೇಲಿ ಅಳಿವೆಯಲ್ಲಿ ದೋಣಿ ಮಗುಚಿತ್ತು. ನದಿ ಸೆಳೆತ ಒಂದು ಕಡೆ, ಉಬ್ಬರ ಒಂದು ಕಡೆ. ಬೋರಲು ಬಿದ್ದ ದೋಣಿ ತಬ್ಬಿಕೊಂಡು ಇವರು ಎಷ್ಟು ಹೊತ್ತು ಇದ್ರೋ ದೇವರಿಗೇ ಗೊತ್ತು. ಮೀನಿನ ದೋಣಿಯವರು ಎಳೆದು ಹಾಕಿದ್ರು. ಅವತ್ತಿಂದ ಬಂದರು, ಚರಂಡಿ, ಮರಳದಂಡೆ, ಮೂರಕ್ಕೂ ಹೋಗ್ತಾರೆ, ಅವು ದಡದ ಪಕ್ಕ. ಅಳಿವೆ ಕಡೆ ಮೂತಿ ತಿರುಗಿಸಿದ್ರೆ ಕೈ ನಡುಗುತ್ತೆ. ಮೋಟಾರಿನ ಹಗ್ಗ ಎಳೆಯೋಕೂ ಆಗಲ್ಲ. ಅದಕ್ಕೇ ಮರಳದಂಡೆ ನೀರಿಗೆ..."

"ನಲ್ಲಿ ನೀರು ಬೆರೆಸಿ ಅಳಿವೆ ಮಾಡಿದ್ರಿ."

"ನಾನೇ ಹೇಳಿಕೊಟ್ಟದ್ದು ಅತ್ತೆ" ಎಂದಳು ಸೊಸೆ. ಈಗ ನಗು ಇರಲಿಲ್ಲ. "ಅಳಿವೆ ನೀರು ಉಪ್ಪು ಕಮ್ಮಿ ಇರಬೇಕಲ್ಲ ಅಂತ."

ಮಗ ಕಣ್ಣೊರೆಸಿಕೊಳ್ಳುತ್ತಿದ್ದ. ಆ ಕಣ್ಣೀರನ್ನೂ ಒಂದು ಸೀಸೆಗೆ ತುಂಬಿ ಪರೀಕ್ಷೆಗೆ ಕಳಿಸಬೇಕೆಂಬ ಮನಸ್ಸು ಅವಳಿಗೆ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಅಂಗಿ ಎತ್ತಿಸಿದಳು. ಪಕ್ಕೆಯ ಮೇಲೆ ದೋಣಿಯ ಅಂಚು ಉಜ್ಜಿದ ಗಾಯ ಕಪ್ಪಗೆ ಒಣಗಿ ಉದ್ದಕ್ಕೆ ಮಲಗಿತ್ತು. ಇಷ್ಟು ದಿನ ಮಗನ ಚಪ್ಪಲಿ ನೋಡಿದ್ದಳು, ಪ್ಯಾಂಟು ನೋಡಿದ್ದಳು. ಮಗನನ್ನು ನೋಡಿರಲಿಲ್ಲ.

"ಮೇಡಂ ಹತ್ರ ಹೇಳೋದಲ್ವೇನೋ?"

"ಹೇಳಿದ್ರೆ ದೋಣಿ ಕೆಲಸ ಹೋಗುತ್ತೆ, ದೋಣಿ ಹೋದ್ರೆ ಮನೆ ಹೋಗುತ್ತೆ. ನನಗೆ ಇನ್ನೇನು ಬರುತ್ತಮ್ಮ?"

"ಪಕ್ಕದ ಮನೇಲಿ ತಿಂಗಳಿಂದ ಹೊಟ್ಟೆ ಹಿಡ್ಕೊಂಡು ಕೂತಿದ್ದಾರೆ. ಅವರು ತಿನ್ನೋದು ಯಾವ ನೀರಿನ ಚಿಪ್ಪು? ಅಲ್ಲಿ ಹಸಿರು ಹಲಗೆ ನೆಟ್ಟದ್ದು ಈ ಚೊಂಬು!"

ಸೀಸೆಯಮ್ಮ ನೀಲಿ ದಾರದ ಸೀಸೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಲು ಹೋಗಿ, ಉಪ್ಪೆಂದು ನೆನಪಾಗಿ, ಮೋರಿಗೆ ಸುರಿದಳು.

"ಇವತ್ತು ಮೋಟಾರು ಕೆಟ್ಟಿದೆ ಅಂತ ಹೇಳು. ನಾಳೆ ಹೋಗೋಣ. ನಾನೂ ಬರ್ತೀನಿ."

"ನಿಂಗೆ ಈಜು ಬರಲ್ಲಮ್ಮ!"

"ನಿಂಗೆ ಬಂದು ಏನಾಯ್ತು?"

ಮರುದಿನ ಬೆಳಿಗ್ಗೆ ಹೊಸದಾಗಿ ಆಮ್ಲದಲ್ಲಿ ತೊಳೆದ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ದೋಣಿ ಹತ್ತಿದಳು. ಆಯಸ್ಸಿಡೀ ಸಮುದ್ರವನ್ನು ತೊಳೆದವಳು ಸಮುದ್ರದ ಮೇಲೆ ಕೂತದ್ದು ಅದೇ ಮೊದಲು. ಬಂದರಿನ ಕಟ್ಟೆ ದಾಟುವವರೆಗೆ ಮಗ ಸರಿಯಾಗಿದ್ದ. ದೋಣಿ ಅಳಿವೆಯ ಕಡೆ ತಿರುಗಿದ್ದೇ ಅವನ ಕೈ ನಡುಗತೊಡಗಿತು, ತುಟಿ ಬಿಳಿಚಿತು. ಅವಳು ಹಿಂದಿನಿಂದ ಅವನ ಸೊಂಟಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಬಿದ್ರೆ ಇಬ್ರೂ ಬೀಳ್ತೀವಿ. ನಡಿ."

"ನೀನು ಹಿಡ್ಕೊಂಡ್ರೆ ನಾನೂ ಮುಳುಗ್ತೀನಮ್ಮ."

"ಹೂಂ. ಅದಕ್ಕೇ ಹುಷಾರಾಗಿ ನಡೆಸ್ತೀಯ."

ನದಿಯೂ ಕಡಲೂ ಕೂಡುವಲ್ಲಿ ಗೆರೆ ಕೊರೆದಂತಿತ್ತು. ಇತ್ತ ಹಸಿರು, ಅತ್ತ ಹಳೆಯ ಕಷಾಯದ ಬಣ್ಣ. ಗೆರೆಯ ಉದ್ದಕ್ಕೂ ಹಳದಿ ನೊರೆ, ನೊರೆಯಲ್ಲಿ ತೊಗಲಿನ ಕೂದಲು. ಗಾಳಿ ಬೀಸಿದಾಗ ಬಂದ ನಾತಕ್ಕೆ ಸೀಸೆಯಮ್ಮ ಮೂಗು ಮುಚ್ಚಿಕೊಂಡಳು. ಬಂಡೆಗಳ ಮೇಲೆ ಹೆಂಗಸರು ಬಗ್ಗಿ ಚಿಪ್ಪು ಕೀಳುತ್ತಿದ್ದರು. ಅವರಲ್ಲೊಬ್ಬಳು ಸೊಂಟ ನೆಟ್ಟಗೆ ಮಾಡಿ, ಕೈ ಬೀಸಿ ಕೂಗಿದಳು:

"ಏನಕ್ಕಾ, ಇನ್ನು ಸಮುದ್ರಾನೂ ಮೂಸಿ ನೋಡೋಕೆ ಬಂದ್ಯಾ?"

ಚಿಪ್ಪಕ್ಕ. ಸೀಸೆಯಮ್ಮ ಕೈ ಎತ್ತಲಿಲ್ಲ. ಮಗ ಬಗ್ಗಿ, ಅದೇ ನೀರಿನಿಂದ ಸೀಸೆಯನ್ನು ಮೂರು ಸಲ ಜಾಲಿಸಿ, ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದ. ಕೈ ನಡುಗುತ್ತಲೇ ಇತ್ತು. ಆದರೂ ತುಂಬಿದ.

ಮಧ್ಯಾಹ್ನ ಮೇಡಂ ಆ ನೀರನ್ನು ಗಾಜಿನ ನಳಿಗೆಗೆ ಹಾಕಿ ಔಷಧ ಬೆರೆಸಿದರು. ಅಮೋನಿಯಾ ಇದ್ದಷ್ಟೂ ಅದು ನೀಲಿಯಾಗುತ್ತದೆ. ಇಷ್ಟು ದಿನ ಅಳಿವೆಯ ನಳಿಗೆ ಬಣ್ಣವೇ ತಿರುಗುತ್ತಿರಲಿಲ್ಲ. ಇವತ್ತು ನೋಡನೋಡುತ್ತ ಶಾಯಿಯ ಹಾಗಾಯಿತು. ಮೇಡಂ ನಳಿಗೆಯನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ಸೀಸೆಯಮ್ಮನ ಕಡೆ ತಿರುಗಿದರು.

"ಇದೇನಮ್ಮ ಹೀಗೆ? ಒಂದೇ ವಾರದಲ್ಲಿ ಇಷ್ಟು ಆಗೋಕೆ ಸಾಧ್ಯವೇ ಇಲ್ಲ. ಸೀಸೆ ಸರಿಯಾಗಿ ತೊಳೆದಿರಲಿಲ್ವಾ?"

ತಪ್ಪಿಸಿಕೊಳ್ಳುವ ಬಾಗಿಲು ಎಷ್ಟು ದೊಡ್ಡದಾಗಿ ತೆರೆದಿದೆಯೆಂದು ಸೀಸೆಯಮ್ಮನಿಗೆ ಆ ಕ್ಷಣವೇ ಕಂಡಿತು. 'ಹೌದು ಮೇಡಂ, ತಪ್ಪಾಯ್ತು, ವಯಸ್ಸಾಯ್ತು' ಅಂದರೆ ಮುಗಿಯಿತು. ಸೀಸೆಯ ಮೇಲೆ ತಪ್ಪು ಹೋಗುತ್ತದೆ, ನೀಲಿ ನೀರು ಮೋರಿಗೆ ಹೋಗುತ್ತದೆ, ಮಗ ಉಳಿಯುತ್ತಾನೆ, ಮನೆ ಉಳಿಯುತ್ತದೆ. ಮಗನೂ ಅದನ್ನೇ ಕಂಡಿದ್ದ. ಅಮ್ಮನ ಬಾಯಿ ನೋಡುತ್ತಿದ್ದ.

"ಸೀಸೆ ಸರಿಯಾಗೇ ಇದೆ ಮೇಡಂ" ಎಂದಳು. "ಹಿಂದಿನವೇ ಸರಿ ಇರಲಿಲ್ಲ."

ಉಳಿದದ್ದನ್ನು ಮಗ ಹೇಳಿದ. ತಡವರಿಸಿಕೊಂಡೇ ಹೇಳಿದ, ಹೆಂಡತಿಯ ಮಾತು ಮಾತ್ರ ಎತ್ತಲಿಲ್ಲ. ಕೇಳುತ್ತ ಕೇಳುತ್ತ ಮೇಡಂ ಕುರ್ಚಿಗೆ ಒರಗಿದರು.

"ನಲ್ಲಿ ನೀರಿನ ಕ್ಲೋರಿನ್ನು ಇದ್ದಬದ್ದ ಅಮೋನಿಯಾನೂ ತಿಂದುಹಾಕಿದೆ. ಅದಕ್ಕೇ ಸಮುದ್ರಕ್ಕಿಂತ ಚೊಕ್ಕಟ" ಎಂದು ತಮಗೆ ತಾವೇ ಹೇಳಿಕೊಂಡರು. "ಅಲ್ಲಯ್ಯಾ, ಹೆದರಿಕೆ ಆಗ್ತಿದೆ ಅಂತ ಒಂದು ಮಾತು ಹೇಳಿದ್ರೆ ಜೊತೆಗೊಬ್ಬರನ್ನ ಕೊಡ್ತಿದ್ದೆನಲ್ಲ."



ಆ ಸಂಜೆಯೇ ಅಳಿವೆಯಲ್ಲಿ ಕೆಂಪು ಹಲಗೆ ಎದ್ದಿತು. ಕಾರ್ಖಾನೆಯ ಕೊಳವೆಗೆ ಬೀಗ ಬೀಳುವವರೆಗೆ ಚಿಪ್ಪು ಕೀಳುವಂತಿಲ್ಲ ಎಂದಾಯಿತು. ಮಗನ ದೋಣಿ ಕೆಲಸ ಹೋಯಿತು, ತಿಂಗಳೊಳಗೆ ಮನೆ ಬಿಡಬೇಕೆಂದು ಹೇಳಿಕಳಿಸಿದರು. ಸೀಸೆಯಮ್ಮನ ಕೆಲಸವನ್ನು ಮಾತ್ರ ಮೇಡಂ ತೆಗೆಯಲಿಲ್ಲ. ಮಗನಿಗೆ ಊರಿನ ಇನ್ನೊಂದು ತುದಿಯಲ್ಲಿ, ನೀರು ಕಣ್ಣಿಗೂ ಬೀಳದ ಕಡೆ, ಬಸ್ಸುಗಳ ಡಿಪೋದಲ್ಲಿ ಚಕ್ರ ಬಿಚ್ಚಿ ಹಾಕುವ ಕೆಲಸ ಸಿಕ್ಕಿತು. ಕಷ್ಟ, ಆದರೂ ಉಸಿರಾಡಬಹುದಾದ ಕಷ್ಟ.

ಉಸಿರು ಕಟ್ಟಿಸಿದ್ದು ಬೀದಿ. ಸುದ್ದಿ ಹಬ್ಬಿದ ದಿನ ಚಿಪ್ಪಕ್ಕ ಖಾಲಿ ಬುಟ್ಟಿಯನ್ನು ಸೀಸೆಯಮ್ಮನ ಬಾಗಿಲಿಗೆ ತಂದು ಕುಕ್ಕಿದಳು.

"ಗೊತ್ತಿತ್ತು ನಿಂಗೆ."

"ಇಲ್ಲ ಕಣೆ. ಆ ವಾರವೇ ಗೊತ್ತಾದದ್ದು."

"ಸುಳ್ಳು! ಒಂದು ದಿನ, ಒಂದೇ ಒಂದು ದಿನ ನಮ್ಮನೆ ಚಿಪ್ಪು ಬಾಯಿಗೆ ಹಾಕಿದ್ಯಾ? ಬಟ್ಟಲು ತಂದ್ರೆ ಹೊಟ್ಟೆ ಸರಿ ಇಲ್ಲ, ಬಟ್ಟಲು ತಂದ್ರೆ ಹೊಟ್ಟೆ ಸರಿ ಇಲ್ಲ. ನಿನ್ನ ಹೊಟ್ಟೆ ಕಾಪಾಡಿಕೊಂಡೆ, ನಮ್ಮನ್ನ ತಿನ್ನೋಕೆ ಬಿಟ್ಟೆ."

"ನಾನು ಯಾರ ಮನೇದೂ ತಿನ್ನಲ್ಲ. ನಿಂಗೇ ಗೊತ್ತಲ್ಲ, ನನ್ನ ಸ್ವಭಾವವೇ..."

"ಈಗ ಸ್ವಭಾವ! ಇಷ್ಟು ದಿನ ನಾವು ಪಾಪ ಹುಚ್ಚಿ ಅಂತ ನಗ್ತಿದ್ವಿ. ನಗ್ತಾ ಇದ್ದವಳು ನೀನು."

ಯಾವ ಮಾತು ಹೇಳಿದರೂ ಇವಳು ನಂಬುವುದಿಲ್ಲವೆಂದು ಬೇರೆಯವರಿಗಿಂತ ಚೆನ್ನಾಗಿ ಸೀಸೆಯಮ್ಮನಿಗೆ ಗೊತ್ತಿತ್ತು. ಆ ಜಾಗದಲ್ಲಿ ನಿಂತಿದ್ದರೆ ಅವಳೂ ನಂಬುತ್ತಿರಲಿಲ್ಲ. ಅಲ್ಲಿಂದ ಮುಂದೆ ಅವಳು ನಲ್ಲಿಗೆ ಹೋದರೆ ಮಾತು ನಿಲ್ಲುವುದು, ಬಿಂದಿಗೆಗಳು ಸರಿಯುವುದು. ಅಂಗಡಿಯಲ್ಲಿ ಏನು ಕೊಂಡಳು, ಯಾವುದನ್ನು ಬೇಡವೆಂದಳು ಎಂದು ಹೆಂಗಸರು ಗಮನಿಸಿ, ಅವಳು ಬಿಟ್ಟದ್ದನ್ನು ತಾವೂ ಬಿಡುತ್ತಿದ್ದರು. ಅವಳು ಟೊಮೆಟೊ ಕೊಳ್ಳದ ದಿನ ಆ ಬೀದಿಯಲ್ಲಿ ಯಾರೂ ಟೊಮೆಟೊ ಕೊಳ್ಳಲಿಲ್ಲ.

ಮನೆ ಬಿಡುವ ದಿನ ಕೈಗಾಡಿಯ ಮೇಲೆ ಸಾಮಾನು ಏರಿತು: ಎರಡು ಟ್ರಂಕು, ಹಾಸಿಗೆಯ ಸುತ್ತು, ಪಾತ್ರೆಗಳ ಗೋಣಿ. ಮಗ ಹಗ್ಗ ಬಿಗಿದು ಗಾಡಿಯ ಮೂತಿ ಹಿಡಿದ. ನಳಿಗೆ ನೀಲಿಯಾದ ಆ ಮಧ್ಯಾಹ್ನದಿಂದ ಅವನು ಅಮ್ಮನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದ. ಅದು ಕೋಪವೋ ನಾಚಿಕೆಯೋ ಅವಳಿಗೆ ತಿಳಿಯದು. ಕೆದಕಿ ನೋಡುವ ಚಪಲವನ್ನು ಈ ಒಂದು ವಿಷಯದಲ್ಲಿ ಅವಳು ಕಷ್ಟಪಟ್ಟು ಅದುಮಿಕೊಂಡಿದ್ದಳು.

ಖಾಲಿ ಕೋಣೆಗಳನ್ನು ಒಮ್ಮೆ ಸುತ್ತಿ, ಹಿತ್ತಿಲ ಅಗುಳಿ ಹಾಕಿ, ಮುಂಬಾಗಿಲಿಗೆ ಬೀಗ ಹಾಕಿದಳು. ಬೀಗವನ್ನು ಜಗ್ಗಿ ನೋಡಿದಳು. ಪಕ್ಕದ ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕತ್ತಲಲ್ಲಿ ಯಾರೋ ನಿಂತಿದ್ದರು.

"ಹೋಗಿ ಬರ್ತೀನಿ ಕಣೆ" ಎಂದಳು ಸೀಸೆಯಮ್ಮ ಆ ಅರ್ಧ ಬಾಗಿಲಿಗೆ.

ಬಾಗಿಲು ಪೂರ್ತಿ ತೆರೆಯಲಿಲ್ಲ, ಹಾಕಿಕೊಳ್ಳಲೂ ಇಲ್ಲ. ಗಾಡಿ ಆಗಲೇ ಹೊರಟಿತ್ತು. ಸೊಸೆ ತಿರುಗಿ ನಿಂತು, "ಅತ್ತೆ, ಬನ್ನಿ, ಬಿಸಿಲೇರುತ್ತೆ" ಎಂದು ಕರೆದಳು. ಸೀಸೆಯಮ್ಮ ಮರುದಿನ ಪ್ರಯೋಗಾಲಯದಲ್ಲಿ ಒಪ್ಪಿಸಬೇಕಾದ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದಳು.